ಮಗ್ಗದ ಎಡಗಡೆ

ಅಲೆ ಅಲೆಯಾದ ಬಣ್ಣದ ರೇಷ್ಮೆ ನೇಯುವುದಕ್ಕೆ ಇಬ್ಬರು ಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ಒಂದೇ ಮಗ್ಗದ ಮುಂದೆ ಇಬ್ಬರು ಹೆಂಗಸರು ತೊಡೆಗೆ ತೊಡೆ ತಾಗಿಸಿಕೊಂಡು ಕೂರುತ್ತಾರೆ. ಹಾಸಿನ ಮೇಲೆ ಸಣ್ಣ ಸಣ್ಣ ಲಾಳಿಗಳು, ನೂರಕ್ಕೂ ಮೇಲೆ, ಒಂದೊಂದರಲ್ಲಿ ಒಂದೊಂದು ಬಣ್ಣದ ನೂಲು. ಬಲಗಡೆಯವಳು ತನ್ನ ಪಾಲಿನ ಲಾಳಿಗಳನ್ನು ಒಂದೊಂದಾಗಿ ಎತ್ತಿ ಎಳೆಗಳ ನಡುವೆ ತೂರಿಸಿ ಪಕ್ಕದ ಬಣ್ಣಕ್ಕೆ ಕೊಂಡಿ ಹಾಕುತ್ತಾಳೆ. ನಡುವಿಗೆ ಬಂದದ್ದನ್ನು ಎಡಗಡೆಯವಳ ಕೈಗೆ ಕೊಡುತ್ತಾಳೆ. ಎಡಗಡೆಯವಳು ತನ್ನ ಪಾಲು ಮುಗಿಸಿ ತಿರುಗಿ ಕೊಡುತ್ತಾಳೆ. ಒಂದು ಸಾಲು ಆಯಿತು. ಬೆಳಗಿನಿಂದ ಸಂಜೆಯವರೆಗೆ ಕೂತರೆ ನಾಲ್ಕು ಬೆರಳಿನಷ್ಟು ಬಟ್ಟೆ. ಹೆಂಗಸರು ಸೊಂಟಕ್ಕೆ ಸುತ್ತಿ ಉಡುವ ಮದುವೆಯ ಒಂದು ಥಮೈನ್ ಆಗಬೇಕಾದರೆ ತಿಂಗಳುಗಳು ಹೋಗುತ್ತವೆ. ಮಾಂಡಲೆಯ ಪಕ್ಕದ ಅಮರಪುರದ ಹೆಂಗಸರ ಸೊಂಟ ಹೋಗುವುದು ಹೀಗೆ.

ಡೋ ಚೋ ಹುಡುಗಿಯಾಗಿದ್ದಾಗ, ಹೆಸರಿಗೆ ಹಿರಿಯರ ಡೋ ಸೇರುವ ಮೊದಲು, ಎಡಗಡೆ ಕೂತವಳು. ಬಲಗಡೆ ಅವಳ ತಾಯಿ. ಮಗ್ಗ ಯಾರದೋ ಅವರು ಬಲಗಡೆ ಕೂರುವುದು ಅಲ್ಲಿಯ ರೂಢಿ. ತಾಯಿ ಸತ್ತ ಮೇಲೆ ಅವಳು ಬಲಗಡೆಗೆ ಸರಿದಳು. ಎಡಗಡೆಗೆ ಕೂಲಿಯ ಹುಡುಗಿಯರು ಬಂದು ಹೋಗಿ, ಕೊನೆಗೆ ಮಗಳು ಯದನಾ ಬಂದಳು. ಮಗಳಿಗೆ ಆಗ ಹನ್ನೆರಡು ವರ್ಷ ಇದ್ದಿರಬೇಕು. ಕೆನ್ನೆಗೆ ತನಖಾ ಗಂಧ ಮೆತ್ತಿಕೊಂಡು ಶಾಲೆಯಿಂದ ಬಂದವಳೇ ಕೂರುತ್ತಿದ್ದಳು. ಬಾಯಿ ಸುಮ್ಮನಿರುತ್ತಿರಲಿಲ್ಲ, ಕೈಯೂ ನಿಲ್ಲುತ್ತಿರಲಿಲ್ಲ. ಹಾಗಾಗಿ ಡೋ ಚೋ ಬಾಯಿಯನ್ನು ಅದರ ಪಾಡಿಗೆ ಬಿಟ್ಟುಬಿಟ್ಟಳು.

ಗಂಡ ಕೋ ಲ್ವಿನ್ ನೂಲಿಗೆ ಬಣ್ಣ ಹಾಕುವವನು. ಅವನು ಹುಟ್ಟಿದ್ದು ಆ ಕೆಲಸದ ಮನೆಯಲ್ಲಲ್ಲ. ಅವನದು ಮಾಂಡಲೆಯಲ್ಲಿ ಅಂಗಡಿ ಇದ್ದ ಮನೆತನ. ಸೈನ್ಯದ ಸರ್ಕಾರದ ವಿರುದ್ಧ ಎದ್ದ ಎಂಬತ್ತೆಂಟರ ಗಲಾಟೆಯಲ್ಲಿ ಅವನು ಕಾಲೇಜು ಹುಡುಗ. ಮೆರವಣಿಗೆಯ ಮುಂದೆ ಬಾವುಟ ಹಿಡಿದು ನಡೆದವನು. ಡೋ ಚೋ ಆಗ ದಾರಿ ಬದಿಯಲ್ಲಿ ಮಣ್ಣಿನ ಗಡಿಗೆ ಇಟ್ಟುಕೊಂಡು ಮೆರವಣಿಗೆಯವರಿಗೆ ನೀರು ಕೊಡುತ್ತಿದ್ದಳು. ಒಂದು ಬಟ್ಟಲು ನೀರು ಕುಡಿದು ಬಟ್ಟಲನ್ನು ಹಾಗೇ ಹಿಡಿದುಕೊಂಡು ಹೋಗಿಬಿಟ್ಟ. ಬಟ್ಟಲು ವಾಪಸು ಬರಲಿಲ್ಲ. ಅವನು ಜೈಲಿಗೆ ಹೋದ.

ಅವನು ಜೈಲಿನಲ್ಲಿದ್ದಾಗ ಅವನ ತಂದೆ ಸರ್ಕಾರಿ ಪೇಪರಿನಲ್ಲಿ ಒಂದು ಪ್ರಕಟಣೆ ಹಾಕಿಸಿದ. ನನ್ನ ಮಗ ಲ್ವಿನ್ ಹೆತ್ತವರ ಮಾತು ಮೀರಿದ್ದರಿಂದ ಇಂದಿನಿಂದ ಅವನು ನನ್ನ ಮಗನಲ್ಲ, ಅವನ ಯಾವ ಕೆಲಸಕ್ಕೂ ನಾನು ಹೊಣೆಯಲ್ಲ, ಎಂದು. ಅಂಗಡಿ ಉಳಿಯಬೇಕಿತ್ತು. ಜೈಲಿಗೆ ಬಂದಾಗ ಕಂಬಿಯ ಆಚೆ ನಿಂತು ಹೇಳಿದನಂತೆ: "ಕಾಗದದ ಮೇಲೆ ಮಾತ್ರ ಕಣೋ. ಮನಸ್ಸಿನಲ್ಲಿ ಇಟ್ಕೋಬೇಡ." ಲ್ವಿನ್ ಇಟ್ಟುಕೊಳ್ಳಲಿಲ್ಲ. ಅವನು ಹೊರಗೆ ಬರುವ ಹೊತ್ತಿಗೆ ತಂದೆ ಸತ್ತಿದ್ದ. ಮನೆಯ ಬಾಗಿಲಲ್ಲಿ ಅಣ್ಣಂದಿರು ನಿಂತಿದ್ದರು. ಪೇಪರ್ ಕತ್ತರಿಸಿ ಇಟ್ಟುಕೊಂಡಿದ್ದರು. ಓದಿ ತೋರಿಸಿದರು. ಸತ್ತವನು ಬಂದು ಇದು ಸುಳ್ಳು ಅನ್ನುವ ಹಾಗಿರಲಿಲ್ಲ.

ಅವನು ಅಲ್ಲಿಂದ ನಡೆದುಕೊಂಡು ಅಮರಪುರಕ್ಕೆ ಬಂದ. ಬಟ್ಟಲು ಕೊಟ್ಟವಳ ಮನೆ ಹುಡುಕಿದ.

"ಬಟ್ಟಲು ಎಲ್ಲಿ?" ಅಂದಳು ಚೋ.

"ಪೊಲೀಸರು ಇಟ್ಕೊಂಡ್ರು. ಬೇರೆ ಕೊಡಿಸ್ತೀನಿ. ಏನಾದ್ರೂ ಕೆಲಸ ಇದ್ರೆ ಕೊಡಿ."

ಅವಳ ತಾಯಿ ಬಣ್ಣದ ಹಂಡೆ ತೋರಿಸಿದಳು. ಅವನು ಅಲ್ಲೇ ಉಳಿದ. ಮದುವೆಯಾಯಿತು. ಇಬ್ಬರೂ ದುಡಿದು ತೌಂಗ್ತಮಾನ್ ಕೆರೆಯ ಈಚೆಗೆ ಒಂದು ಮರದ ಮನೆ ಕಟ್ಟಿದರು. ಮನೆ ಅವನ ಹೆಸರಿನಲ್ಲೇ ಇರಲಿ ಎಂದು ಚೋ ಹಟ ಹಿಡಿದಳು. ಒಮ್ಮೆ ಬಾಗಿಲಿನಿಂದ ತಿರುಗಿ ಬಂದವನಿಗೆ ತನ್ನದು ಅನ್ನುವ ಬಾಗಿಲು ಇರಲಿ ಎಂದು. ಅವನು ರಾಜಕೀಯ ಮಾತಾಡುತ್ತಿರಲಿಲ್ಲ. ಚಹಾ ಅಂಗಡಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದ, ಅಷ್ಟೇ. ಒಂದು ಮಾತು ಮಾತ್ರ ಹೇಳಿದ್ದ. ಮಗಳು ಹುಟ್ಟಿದ ದಿನ.

"ಇವಳು ಏನೇ ಮಾಡಲಿ ಚೋ, ಪೇಪರ್‌ನಲ್ಲಿ ಬರೆಸಬೇಡ. ಕಾಗದದ ಮೇಲೆ ಮಾತ್ರ ಅನ್ನೋದು ಇಲ್ಲ."

"ಹುಟ್ಟಿ ಒಂದು ಜಾವ ಆಗಿಲ್ಲ. ಏನು ಮಾಡ್ತಾಳೆ ಇವಳು?" ಅಂದಳು ಅವಳು.

ಇಪ್ಪತ್ತೆರಡು ವರ್ಷ ಏನೂ ಮಾಡಲಿಲ್ಲ. ಆಮೇಲೆ ಫೆಬ್ರವರಿಯ ಒಂದು ಬೆಳಗ್ಗೆ ಫೋನುಗಳು ಸತ್ತವು. ಟಿವಿಯಲ್ಲಿ ಪಟಾಲಮ್ಮಿನ ಹಾಡು ಬಂತು. ಜನ ಮತ ಹಾಕಿ ಗೆಲ್ಲಿಸಿದ್ದವರನ್ನೆಲ್ಲ ಸೈನ್ಯದವರು ಹಿಡಿದು ಕೂಡಿಹಾಕಿದ್ದರು. ಕೋ ಲ್ವಿನ್ ಬಣ್ಣದ ಕೋಲನ್ನು ಹಂಡೆಯಲ್ಲೇ ಬಿಟ್ಟು ಮೆಟ್ಟಿಲ ಮೇಲೆ ಕೂತ. ಮಧ್ಯಾಹ್ನದವರೆಗೆ ಏಳಲಿಲ್ಲ. ಆ ದಿನದ ಕೆಂಪು ನೂಲು ಕಪ್ಪಾಗಿ ಹೋಯಿತು.

ರಾತ್ರಿ ಎಂಟಕ್ಕೆ ಓಣಿಯವರೆಲ್ಲ ಪಾತ್ರೆ ಬಡಿಯಲು ಶುರುಮಾಡಿದರು. ಮನೆಯಿಂದ ದೆವ್ವ ಓಡಿಸುವುದಕ್ಕೆ ಬಡಿಯುವ ಹಾಗೆ. ಯದನಾ ಅನ್ನದ ಪಾತ್ರೆಯ ತಳ ಕಿತ್ತುಹೋಗುವ ಹಾಗೆ ಬಡಿದಳು.

"ಅಪ್ಪಾ, ಒಂದು ತಟ್ಟೆನಾದ್ರೂ ಬಡಿ."

"ನಾನು ಎಂಬತ್ತೆಂಟರಲ್ಲೇ ಬಡಿದಿದ್ದೀನಿ. ಆ ಕೈನೋವು ಇನ್ನೂ ಹೋಗಿಲ್ಲ."

"ಅಮ್ಮ ಬಡೀತಿದ್ದಾಳೆ."

"ನಿಮ್ಮಮ್ಮ ನನ್ನ ಮೇಲಿನ ಸಿಟ್ಟಿಗೆ ಬಡೀತಿದ್ದಾಳೆ. ಅದು ಲೆಕ್ಕಕ್ಕಿಲ್ಲ."

ಯದನಾ ಮಾಂಡಲೆಯಲ್ಲಿ ಶಿಕ್ಷಕಿಯ ತರಬೇತಿಗೆ ಹೋಗುತ್ತಿದ್ದಳು. ಅದನ್ನು ಬಿಟ್ಟಳು. ಅವಳೂ ಅವಳ ಜೊತೆಯವರೂ ಮೊದಲು ಮೆರವಣಿಗೆ ಮಾಡಿದರು. ಗುಂಡು ಹಾರಿತು. ಆಮೇಲೆ ಜೈಲಿನ ಬಾಗಿಲಿಗೆ ಹೋಗತೊಡಗಿದರು. ಹಿಡಿದುಕೊಂಡು ಹೋದವರ ತಾಯಂದಿರನ್ನು ಹುಡುಕುವುದು, ಅನ್ನದ ಕ್ಯಾರಿಯರ್ ಒಳಗೆ ಕಳಿಸುವುದು. ಕ್ಯಾರಿಯರ್ ಖಾಲಿಯಾಗಿ ತಿರುಗಿ ಬಂದರೆ ಮಗ ಬದುಕಿದ್ದಾನೆ. ತುಂಬಿದ್ದು ಹಾಗೇ ಬಂದರೆ ಯಾರೂ ಮಾತಾಡುತ್ತಿರಲಿಲ್ಲ. ಮನೆಯ ಜಗುಲಿಗೆ ಹೆಂಗಸರು ಬರುತ್ತಿದ್ದರು. ಡೋ ಚೋ ಚಹಾ ಕೊಡುತ್ತಿದ್ದಳು. ಯದನಾ ಮಗ್ಗದಲ್ಲಿ ಕೂತುಕೊಂಡೇ ಅವರಿಗೆ ಹೇಳುತ್ತಿದ್ದಳು.

"ಠಾಣೆಗೆ ಒಬ್ಬರೇ ಹೋಗಬೇಡಿ ದೊಡ್ಡಮ್ಮ. ನಾಲ್ಕು ಜನ ಹೋಗಿ. ಹಿಡಿದವನ ಹೆಸರು ಕೇಳಿ, ಯಾವ ಕಾನೂನು ಅಂತ ಕೇಳಿ."

"ಹೇಳಲ್ಲ ಅಂತಾರೆ ಕಣಮ್ಮ."

"ಹೇಳದಿದ್ರೂ ಕೇಳಿ."

ಹೆಂಗಸರು ಹೋದ ಮೇಲೆ ಡೋ ಚೋ ಅಂದಳು: "ಕೇಳಿದ ಮಾತ್ರಕ್ಕೆ ಬಿಟ್ಟುಬಿಡ್ತಾರಾ?"

"ಬಿಡಲ್ಲ. ಯಾರೋ ಕೇಳ್ತಾ ಇದ್ದಾರೆ ಅಂತ ಗೊತ್ತಾದ್ರೆ ಹೊಡೆಯೋದು ಸ್ವಲ್ಪ ಕಮ್ಮಿ ಮಾಡ್ತಾರೆ. ಲಾಳಿ ಕೊಡು."

ಡೋ ಚೋ ಲಾಳಿ ಕೊಟ್ಟಳು. ಅವಳಿಗೆ ಅದರಲ್ಲಿ ನಂಬಿಕೆ ಇರಲಿಲ್ಲ. ಗಂಡನನ್ನು ಹಿಡಿದಾಗಲೂ ಯಾರೋ ಕೇಳಿದ್ದರು. ಅವನ ಬಲಗೈ ನೆಟ್ಟಗೆ ಮೇಲೆ ಏಳುತ್ತಿರಲಿಲ್ಲ.

ಮಾರ್ಚಿನಲ್ಲಿ ಪಟಾಲಮ್ಮು ಓಣಿಗಳ ಒಳಗೇ ಬರತೊಡಗಿತು. ಆಗ ಹೆಂಗಸರು ಥಮೈನ್ ಕಟ್ಟಿದರು. ಓಣಿಯ ಈ ಮನೆಯಿಂದ ಆ ಮನೆಗೆ ಹಗ್ಗ, ಹಗ್ಗದ ತುಂಬ ತಾವು ಉಟ್ಟು ಬಿಟ್ಟ ಹಳೆಯ ಥಮೈನ್‌ಗಳು. ಹೆಂಗಸರು ಸೊಂಟಕ್ಕೆ ಉಟ್ಟ ಬಟ್ಟೆಯ ಕೆಳಗೆ ಹಾದುಹೋದರೆ ಗಂಡಸಿನ ತೇಜಸ್ಸು ಇಳಿದುಹೋಗುತ್ತದೆ ಎಂದು ಆ ದೇಶದಲ್ಲಿ ನಂಬುತ್ತಾರೆ. ಹಿಂದಿನಿಂದಲೂ ಹಾಗೆ. ಗಂಡನ ಲುಂಗಿಯ ಜೊತೆ ತನ್ನದನ್ನು ಒಂದೇ ಬುಟ್ಟಿಯಲ್ಲಿ ನೆನೆಸಿದ್ದಕ್ಕೆ ಏಟು ತಿಂದವರಿದ್ದಾರೆ. ಸಿಪಾಯಿಗಳು ಓಣಿಯ ಬಾಯಲ್ಲಿ ಲಾರಿ ನಿಲ್ಲಿಸಿ ಕೋಲಿನಿಂದ ಒಂದೊಂದೇ ಬಟ್ಟೆಯನ್ನು ಎಳೆದು ಹಾಕಬೇಕಾಗುತ್ತಿತ್ತು. ಅಷ್ಟರಲ್ಲಿ ಹುಡುಗರು ಹಿಂದಿನ ಬೇಲಿ ಹಾರಿ ಹೋಗಿರುತ್ತಿದ್ದರು.

ಮೊದಲ ದಿನ ಮಧ್ಯಾಹ್ನ ಕೋ ಲ್ವಿನ್ ಬಣ್ಣದ ಡಬ್ಬ ಹಿಡಿದು ಸಂತೆಯಿಂದ ಬಂದ. ಓಣಿಯ ಬಾಯಲ್ಲಿ ನಿಂತುಬಿಟ್ಟ. ಅಲ್ಲಿ ಆಗಲೇ ನಾಲ್ಕೈದು ಗಂಡಸರು ಸೊಪ್ಪು ಮೀನು ಹಿಡಿದು ನಿಂತಿದ್ದರು, ಯಾರೂ ಯಾರ ಮುಖವನ್ನೂ ನೋಡದೆ. ಯದನಾ ಸ್ಟೂಲಿನ ಮೇಲೆ ನಿಂತು ಗಂಟು ಹಾಕುತ್ತಿದ್ದಳು.

"ಅಪ್ಪಾ, ಯಾಕೆ ಅಲ್ಲೇ ನಿಂತೆ? ಬಾ."

"ಕೆರೆ ಕಡೆಯಿಂದ ಸುತ್ತಿ ಬರ್ತೀನಿ."

"ಆ ಕಡೆಯೂ ಕಟ್ಟಿದ್ದೀವಿ."

ಪಕ್ಕದ ಮನೆಯ ಡೋ ಥನ್ ಬಾಗಿಲಲ್ಲಿ ಕೂತು ಚುಟ್ಟ ಸೇದುತ್ತಿದ್ದಳು. "ನೋಡ್ರೇ, ಎಂಬತ್ತೆಂಟರಲ್ಲಿ ಬಂದೂಕಿಗೆ ಎದೆ ಕೊಟ್ಟವನು ನನ್ನ ಹರಕಲು ಥಮೈನ್‌ಗೆ ಹೆದರ್ತಾನೆ."

"ನಿನ್ನದಕ್ಕೆ ಬಂದೂಕೂ ಹೆದರುತ್ತೆ ಬಿಡು," ಅಂದ ಮೀನು ಹಿಡಿದವನು. ಎಲ್ಲರೂ ನಕ್ಕರು. ಯಾರೂ ಒಂದು ಹೆಜ್ಜೆ ಮುಂದೆ ಇಡಲಿಲ್ಲ.

ಯದನಾ ನಗಲಿಲ್ಲ. ಸ್ಟೂಲಿನಿಂದ ಇಳಿದು ಹಗ್ಗದ ಈಚೆಗೆ ನಿಂತಳು. "ಅಪ್ಪಾ, ಸಿಪಾಯಿಗಳೂ ಹೀಗೇ ನಿಂತ್ಕೋತಾರೆ. ಸರಿಯಾಗಿ ನೀನು ನಿಂತಿರೋ ಜಾಗದಲ್ಲೇ."

ಕೋ ಲ್ವಿನ್ ಡಬ್ಬವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ಆಮೇಲೆ ನಡೆದ. ಎಲ್ಲಕ್ಕಿಂತ ಮುಂದೆ ತೂಗುತ್ತಿದ್ದದ್ದು ಯದನಾಳದೇ, ಹಸಿರು ಹತ್ತಿಯದು. ಅವನು ಬಗ್ಗಲಿಲ್ಲ. ಬಟ್ಟೆ ಅವನ ತಲೆಗೆ ಸವರಿತು. ಮಗಳ ಮುಂದೆ ಬಂದು ನಿಂತು, "ಗಂಟು ಸಡಿಲ ಹಾಕಿದ್ದೀಯ. ಬಿದ್ದುಹೋಗುತ್ತೆ," ಅಂದ. ಸ್ಟೂಲು ಹತ್ತಿ ಎಡಗೈಯಿಂದ ಬಿಗಿದ. ಅವನ ಹಿಂದೆ ಮೀನಿನವನು ಬಂದ. ಉಳಿದವರು ಸಂಜೆಯವರೆಗೆ ಚಹಾ ಅಂಗಡಿಯಲ್ಲೇ ಕೂತಿದ್ದರು.

ಸಂಜೆ ಡೋ ಚೋ ಹಿತ್ತಲಿಗೆ ಹೋದಾಗ ಅವನು ತೊಟ್ಟಿಯ ಪಕ್ಕ ಕುಕ್ಕುರುಗಾಲಿನಲ್ಲಿ ಕೂತು ತಲೆಗೆ ನೀರು ಸುರಿದುಕೊಳ್ಳುತ್ತಿದ್ದ. ಸೋಪೂ ಇತ್ತು.

"ತಲೆ ತೊಳ್ಕೊಂಡ್ರಾ?"

"ಬಿಸಿಲು ಜಾಸ್ತಿ ಇತ್ತು."

"ಹೌದಾ."

"ಅವಳಿಗೆ ಹೇಳಬೇಡ."

ಡೋ ಚೋ ಹೇಳಲಿಲ್ಲ. ಟವೆಲು ತಂದುಕೊಟ್ಟಳು.

ಏಪ್ರಿಲಿನಲ್ಲಿ ಎಂಟು ಗಂಟೆಯ ಟಿವಿ ಸುದ್ದಿಯಲ್ಲಿ ಯದನಾಳ ಫೋಟೋ ಬಂತು. ಕಾಲೇಜಿನ ಫೋಟೋ, ಬಿಳಿ ರವಿಕೆ, ಕಿವಿಯ ಹತ್ತಿರ ಹೂವು. ಕೆಳಗೆ ಹೆಸರು, ತಂದೆಯ ಹೆಸರು, ಊರು. ಜನರನ್ನು ಎತ್ತಿಕಟ್ಟಿದ್ದಾಳೆ, ಸಿಕ್ಕರೆ ಹಿಡಿಯುತ್ತೇವೆ ಎಂದು ಓದಿದರು. ಅವಳ ಅಕ್ಕಪಕ್ಕ ಸಿನಿಮಾದವನೊಬ್ಬನ ಫೋಟೋ, ಡಾಕ್ಟರೊಬ್ಬನ ಫೋಟೋ ಇತ್ತು. "ಒಳ್ಳೇ ಜೊತೆ ಸಿಕ್ಕಿದೆ ನಿನಗೆ," ಅಂದ ಕೋ ಲ್ವಿನ್. ಆಮೇಲೆ ಎದ್ದು ಹೋಗಿ ಅವಳ ಚೀಲದಲ್ಲಿ ತನ್ನ ಉಣ್ಣೆ ಟೋಪಿ ಇಟ್ಟ.

ಬೆಳಗ್ಗೆ ಅವಳು ಕೈಯಲ್ಲಿ ಸಂತೆಯ ಬುಟ್ಟಿ ಹಿಡಿದು ಹೊರಟಳು, ಸೊಪ್ಪಿಗೆ ಹೋಗುವವಳ ಹಾಗೆ. ಡೋ ಚೋ ಮಗ್ಗದ ಮುಂದೆ ಕೂತಿದ್ದಳು. "ಈ ಸಾಲು ಮುಗಿಸಿ ಹೋಗು," ಅಂದಳು. ಯದನಾ ಬುಟ್ಟಿ ಕೆಳಗಿಟ್ಟು ಎಡಗಡೆ ಕೂತಳು. ಸಾಲು ಮುಗಿಯಿತು. ಎದ್ದು ತಾಯಿಗೆ ತಂದೆಗೆ ಮೂರು ಸಲ ಹಣೆ ನೆಲಕ್ಕೆ ಮುಟ್ಟಿಸಿ ನಮಸ್ಕಾರ ಮಾಡಿ ಹೋದಳು. ಮಗ್ಗದಲ್ಲಿದ್ದದ್ದು ಯಾರೋ ಒಬ್ಬ ಮದುಮಗಳ ಥಮೈನ್. ಅರ್ಧಕ್ಕೆ ಬಂದಿತ್ತು. ಅದರ ಮೇಲೆ ಡೋ ಚೋ ಒಂದು ಹಳೆಯ ಬಟ್ಟೆ ಹೊದಿಸಿದಳು.

ಗಡಿಯ ಕಾಡಿನಿಂದ ಯಾವಾಗಲೋ ಒಮ್ಮೆ ಫೋನ್ ಬರುತ್ತಿತ್ತು. ಅಲ್ಲಿಗೆ ಓಡಿ ಬಂದ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ, ಹಿಡಿದವರ ಸುದ್ದಿ ಇನ್ನೂ ಕೂಡಿಡುತ್ತಿದ್ದೇವೆ, ಅನ್ನುತ್ತಿದ್ದಳು. ಊಟದಲ್ಲಿ ಎಣ್ಣೆ ಇರುವುದಿಲ್ಲ ಅನ್ನುತ್ತಿದ್ದಳು.

ಜುಲೈ ತಿಂಗಳಲ್ಲಿ ರೋಗ ಬಂತು. ಓಣಿಯ ಪ್ರತಿ ಮನೆಯ ಬಾಗಿಲಲ್ಲೂ ಬಿಳಿ ಅಥವಾ ಹಳದಿ ಬಟ್ಟೆ ತೂಗಿತು. ಬಿಳಿ ಎಂದರೆ ಔಷಧಿ ಬೇಕು, ಹಳದಿ ಎಂದರೆ ಅನ್ನ ಬೇಕು. ಕೋ ಲ್ವಿನ್‌ಗೆ ಉಸಿರು ಸಾಲದಾಯಿತು. ಡೋ ಚೋ ಆಕ್ಸಿಜನ್ ಸಿಲಿಂಡರನ್ನು ಗಾಡಿಯ ಮೇಲೆ ಹಾಕಿಕೊಂಡು ಗಾಳಿ ತುಂಬಿಸುವ ಕಡೆ ಸಾಲಿನಲ್ಲಿ ನಿಂತಳು. ಬಂದೂಕಿನವರು ಬಂದು ಮನೆಗಳಿಗೆ ಕೊಡುವಂತಿಲ್ಲ ಎಂದು ಸಾಲನ್ನು ಓಡಿಸಿದರು. ಖಾಲಿ ಸಿಲಿಂಡರ್ ತಳ್ಳಿಕೊಂಡು ತಿರುಗಿ ಬಂದಳು. ಅವನು ಕಣ್ಣಿನಲ್ಲೇ ಕೇಳಿದ. ಅವಳು ಇಲ್ಲ ಅಂದಳು. ಅಷ್ಟೇ ಅವರಿಬ್ಬರ ಕೊನೆಯ ಮಾತು.

ಅವನು ಹೋದ ಏಳನೇ ದಿನ ಸನ್ಯಾಸಿಗಳಿಗೆ ಊಟ ಹಾಕಿದರು. ಅಲ್ಲಿಯವರೆಗೆ ಸತ್ತವರು ಮನೆಯಲ್ಲೇ ಇರುತ್ತಾರೆ, ಆಮೇಲೆ ಹೋಗುತ್ತಾರೆ ಎಂದು ನಂಬಿಕೆ. ಮಗಳಿಗೆ ಬರಲಾಗಲಿಲ್ಲ. ಫೋನಿನಲ್ಲಿ ಇದ್ದಳು. ಡೋ ಚೋ ಫೋನನ್ನು ಚಾಪೆಯ ಮೇಲೆ, ಅವನು ಮಲಗುತ್ತಿದ್ದ ಕಡೆ ಇಟ್ಟಳು. "ಸದ್ದು ಮಾಡದೆ ಅಳು," ಅಂದಳು. "ಹೊರಗೆ ಕೇಳಿಸುತ್ತೆ."

ಆ ಮಳೆಗಾಲ ಮುಗಿದು ಚಳಿ ಬರುವ ಹೊತ್ತಿಗೆ ಉ ಚಿ ಲಿನ್ ಬಂದ. ಅವನು ಆ ವಾರ್ಡಿಗೆ ಪಟಾಲಮ್ಮಿನವರು ಇಟ್ಟ ಮುಖ್ಯಸ್ಥ. ಮೊದಲು ವೀಳ್ಯದೆಲೆ ಅಂಗಡಿ ಇಟ್ಟಿದ್ದವನು, ಕೋ ಲ್ವಿನ್‌ಗೆ ಪರಿಚಯದವನೇ. ಅವನಿಗಿಂತ ಮುಂಚೆ ಇದ್ದವನನ್ನು ಯಾರೋ ಚಹಾ ಅಂಗಡಿಯಲ್ಲಿ ಗುಂಡು ಹಾಕಿ ಕೊಂದಿದ್ದರು. ಅದಕ್ಕೆ ಇವನು ಎಲ್ಲಿ ಕೂತರೂ ಓಣಿಯ ಕಡೆ ಮುಖ ಮಾಡಿ ಕೂರುತ್ತಿದ್ದ. ಡೋ ಚೋ ಉಪ್ಪಿನಲ್ಲಿ ಹಾಕಿದ ಚಹಾ ಸೊಪ್ಪು, ಹುರಿದ ಬೆಳ್ಳುಳ್ಳಿ ತಟ್ಟೆಯಲ್ಲಿಟ್ಟಳು. ಬಂದವರಿಗೆ ಇಡದೆ ಇರುವುದಕ್ಕಾಗುವುದಿಲ್ಲ.

"ಪೇಪರ್‌ನಲ್ಲಿ ಹಾಕಿಸಿಬಿಡಿ ಅಕ್ಕಾ," ಅಂದ ಅವನು. "ಎಲ್ಲರೂ ಹಾಕಿಸ್ತಿದ್ದಾರೆ. ದಿನಾ ಅರ್ಧ ಪುಟ ಅದೇ ಇರುತ್ತೆ."

"ಏನಂತ?"

"ನಿಮಗೆ ಗೊತ್ತಲ್ಲ. ಮಾತು ಕೇಳಲಿಲ್ಲ, ಇವತ್ತಿನಿಂದ ಮಗಳಲ್ಲ ಅಂತ. ಅವರೇ ಬರ್ಕೋತಾರೆ."

"ಹಾಕಿಸದಿದ್ರೆ?"

ಅವನು ಚಹಾ ಸೊಪ್ಪು ಅಗಿಯುತ್ತ ಓಣಿ ನೋಡಿದ. "ಮನೆಗೆ ಬೀಗ. ಮೇಲಿಂದ ಬಂದಿದೆ. ನಿಮ್ಮ ಓಣಿಯಲ್ಲೇ ಮೂರು ಮನೆ. ನಾನು ಹೇಳಿ ಹೇಳಿ ತಡೆದಿದ್ದೀನಿ."

"ಮಗ್ಗ?"

"ಒಳಗಿರೋದು ಒಳಗೇ."

ಅವನು ಹೋದ ಮೇಲೆ ಡೋ ಚೋ ತಟ್ಟೆ ತೊಳೆದಳು. ಮನೆ ಹೋದರೆ ಮಗ್ಗ ಹೋಗುತ್ತದೆ. ಮಗ್ಗ ಹೋದರೆ ಮುಂದೆಂದಾದರೂ ಸಿಗುವ ಅನ್ನವೂ ಹೋಗುತ್ತದೆ. ಮಗಳು ಎಂದಾದರೂ ಬಂದರೆ ಬರುವುದು ಎಲ್ಲಿಗೆ ಅನ್ನುವುದೂ ಹೋಗುತ್ತದೆ. ಹಾಕಿಸಿದರೆ ಇನ್ನೊಂದು ಹೋಗುತ್ತದೆ. ಅವಳಿಗೆ ಯೋಚನೆ ಮಾಡಿ ಮಾಡಿ ಸಾಕಾಯಿತು. ನಿದ್ದೆ ಬಂದರೆ ಸಾಕು ಅನಿಸಿತು.

ಆ ವಾರ ಯದನಾ ಫೋನ್ ಮಾಡಿದಳು. ಡೋ ಥನ್ ಮಗನಿಂದ ಸುದ್ದಿ ಆಗಲೇ ಮುಟ್ಟಿತ್ತು.

"ಹಾಕಿಸಿಬಿಡಮ್ಮ. ನನ್ನ ಜೊತೆ ಇರೋರಿಗೆಲ್ಲ ಅವರವರ ಮನೆಯವರು ಹಾಕಿಸಿದ್ದಾರೆ. ನಾವು ಒಬ್ಬರಿಗೊಬ್ಬರು ಓದಿ ನಗ್ತೀವಿ. ನಿನ್ನೆ ಒಬ್ಬನ ಹೆಸರು ತಪ್ಪಾಗಿ ಬಂದಿತ್ತು. ನನ್ನನ್ನ ಸರಿಯಾಗಿ ಬಿಡೋಕೂ ಬರಲ್ಲ ನಮ್ಮಪ್ಪಂಗೆ ಅಂದ."

"ನಿಮ್ಮಪ್ಪನ ಹೆಸರೂ ಹಾಕ್ತಾರೆ."

"ಹಾಕಲಿ."

"ಅವರು ಒಪ್ಪಲ್ಲ."

"ಅಪ್ಪ ಇಲ್ಲಮ್ಮ ಈಗ."

"ಅದಕ್ಕೇ."

"ಅದಕ್ಕೇ ಅಂದ್ರೆ ಏನು? ಇಲ್ಲದವರ ಮಾತಿಗೆ ಇರೋ ಮನೆ ಕಳ್ಕೋತೀಯಾ? ಕಾಗದದ ಮೇಲೆ ಮಾತ್ರ ಅಲ್ವಾ ಅದು?"

ಡೋ ಚೋ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು. ಆಮೇಲೆ, "ನೀನು ಆ ದಿನ ಓಣಿಯಲ್ಲಿ ಅವರನ್ನ ಕರೆದೆ. ನಿನ್ನ ಬಟ್ಟೆ ಕೆಳಗೆ ಬಂದರು. ಮನೆಗೆ ಬಂದು ಸೋಪು ಹಾಕಿ ತಲೆ ತೊಳ್ಕೊಂಡರು. ನಿನಗೆ ಹೇಳಬೇಡ ಅಂದಿದ್ದರು," ಅಂದಳು.

ಆ ಕಡೆ ಯದನಾಳ ಮೂಗಿನಲ್ಲಿ ನಗು ಬಂದ ಹಾಗಾಯಿತು, ಅದು ನಗುವಾಗಿ ಉಳಿಯಲಿಲ್ಲ. "ನಿಜವಾ?"

"ಎರಡು ಸಲ ತೊಳ್ಕೊಂಡರು. ಅಷ್ಟು ಹೆದರಿಕೆ ಇಟ್ಕೊಂಡು ಬಂದರು. ಅವರು ನಿನ್ನನ್ನ ಬಿಟ್ಟರು ಅಂತ ನಾನು ಹೇಗೆ ಬರೆಸಲಿ?"

ಲೈನ್ ಕಡಿಯಿತು. ಅಲ್ಲಿ ಯಾವಾಗಲೂ ಕಡಿಯುತ್ತದೆ.

ಮಾರನೆಯ ದಿನ ಡೋ ಚೋ ಪೇಪರಿನ ಏಜೆಂಟನ ಅಂಗಡಿಗೆ ಹೋದಳು. ಮುಂದೆ ಇಬ್ಬರು ನಿಂತಿದ್ದರು, ಅವರೂ ಇದಕ್ಕೇ ಬಂದವರು. ಅವರಲ್ಲಿ ಒಬ್ಬ ಮುದುಕ ಮೊಮ್ಮಗನನ್ನು ಬಿಡುವುದಕ್ಕೆ ಬಂದಿದ್ದ. ಅವಳ ಸರದಿ ಬಂದಾಗ ಏಜೆಂಟ್ ಕನ್ನಡಕ ಸರಿಮಾಡಿಕೊಂಡು, ಲ್ವಿನ್ ಹೆಸರಿಗೆ ಹಿರಿಯರಿಗೆ ಹಾಕುವ ಉ ಸೇರಿಸಿ, ತಾನೇ ಬರೆದು ಓದಿದ: "ತಂದೆ ಉ ಲ್ವಿನ್, ತೀರಿಕೊಂಡವರು, ತಾಯಿ ಡೋ ಚೋ, ನಾವು ನಮ್ಮ ಮಗಳು ಯದನಾಳನ್ನು..."

"ಅವರದು ಬೇಡ. ನನ್ನದೊಂದೇ ಹಾಕಿ."

"ತಂದೆ ಹೆಸರಿಲ್ಲದೆ ಯಾವ ಯದನಾ ಅಂತ ಹೇಗೆ ಗೊತ್ತಾಗುತ್ತೆ? ಈ ಊರಲ್ಲೇ ಹತ್ತು ಯದನಾ ಇದ್ದಾರೆ. ನಿಮ್ಮ ಪಾಪಕ್ಕೆ ಇನ್ನೊಬ್ಬಳು ತಾಯಿಯಿಲ್ಲದವಳಾಗ್ತಾಳೆ."

"ಉ ಲ್ವಿನ್ ಮಗಳು ಅಂತ ಹಾಕಿ. ಬಿಟ್ಟವಳು ನಾನು ಅಂತ ಹಾಕಿ."

ಏಜೆಂಟ್ ಪೆನ್ನು ಎತ್ತಿ ಅವಳನ್ನು ನೋಡಿದ. ಹಿಂದೆ ಇನ್ನೂ ಜನ ಬರುತ್ತಿದ್ದರು. "ದಿನಾ ಹೆತ್ತವರನ್ನ ನೋಡಿ ನೋಡಿ ನನಗೂ ಸಾಕಾಗಿದೆ ತಾಯಿ," ಅಂದ. ಅವಳು ಹೇಳಿದಂತೆಯೇ ಬರೆದ.

ಹಾಗೇ ಬಂತು. ಅಮರಪುರದ ಉ ಲ್ವಿನ್ ಅವರ ಮಗಳು ಯದನಾಳನ್ನು, ತಾಯಿಯಾದ ಡೋ ಚೋ ಎಂಬ ನಾನು ಇಂದಿನಿಂದ ಬಿಟ್ಟಿದ್ದೇನೆ, ಎಂದು. ಅದರ ಮೇಲೆ ಕಳೆದುಹೋದ ಗುರುತಿನ ಚೀಟಿಯ ಪ್ರಕಟಣೆ, ಕೆಳಗೆ ಮಾರಾಟಕ್ಕಿರುವ ಜಮೀನು. ಡೋ ಥನ್ ಬಂದು ಪಕ್ಕದಲ್ಲಿ ಕೂತಳು, ಸತ್ತ ಮನೆಗೆ ಬಂದು ಕೂರುವ ಹಾಗೆ. ಚುಟ್ಟ ಹಚ್ಚಲಿಲ್ಲ.

ಉ ಚಿ ಲಿನ್ ಪೇಪರ್ ಮಡಚಿ ಹಿಡಿದು ಬಂದ.

"ಇದೇನು ಅಕ್ಕಾ ಹೀಗೆ ಮಾಡಿದ್ದೀರಿ? ಮೇಲಿನವರು ಓದಿ ನನ್ನ ಮುಖಕ್ಕೆ ಎಸೆದರು. ಮಗಳನ್ನ ಬಿಟ್ಟಿರೋದು ನೀವೊಬ್ಬರೇ. ಮನೆ ಇರೋದು ಅವನ ಹೆಸರಲ್ಲಿ. ಅವಳು ಇನ್ನೂ ಅವನ ಮಗಳೇ ಅಂತ ನೀವೇ ಪೇಪರ್‌ನಲ್ಲಿ ಹಾಕಿಸಿದ್ದೀರಿ. ಅಂದ್ರೆ ಮನೆ ಅವಳದ್ದೂ ಆಯಿತು. ಅವಳದ್ದು ಅಂದ್ರೆ ಬೀಗ."

"ಗೊತ್ತು."

"ಗೊತ್ತಿದ್ದೂ ಮಾಡಿದ್ರಾ?"

ಆ ಮನೆಯಲ್ಲಿ ಪೇಪರಿನ ತುಂಡೊಂದು ಏನು ಮಾಡುತ್ತದೆ ಎಂದು ಗೊತ್ತಿದ್ದವರು ಇಬ್ಬರೇ. ಅವರಲ್ಲಿ ಒಬ್ಬ ಹೋಗಿದ್ದ.

"ಇನ್ನೊಂದು ಸಲ ಹಾಕಿಸಿ," ಅಂದ ಅವನು, ದನಿ ತಗ್ಗಿಸಿ. "ಒಂದು ಗೆರೆ. ಅವನ ಹೆಸರು ಸೇರಿಸಿ. ನಾನು ಒಂದು ವಾರ ಹೇಗಾದ್ರೂ ತಡೀತೀನಿ. ಲ್ವಿನ್ ಇದ್ದಿದ್ರೂ ಇದನ್ನೇ ಹೇಳ್ತಿದ್ದ."

"ಅವರು ಏನು ಹೇಳಿದ್ರು ಅಂತ ನನಗೆ ಗೊತ್ತು," ಅಂದಳು ಡೋ ಚೋ. "ನನಗೆ ಸಾಕಾಗಿದೆ ತಮ್ಮಾ. ಬೀಗ ಹಾಕ್ಕೊಳ್ಳಿ."

ಬೀಗ ಹಾಕಲು ಬಂದದ್ದು ಒಂದು ಮಧ್ಯಾಹ್ನ. ಒಂದು ಲಾರಿ, ಅದರಲ್ಲಿ ಹುಡುಗು ಮುಖದ ಸಿಪಾಯಿಗಳು. ಡೋ ಚೋ ಬೆಳಗ್ಗೆ ಬಟ್ಟೆ ಒಗೆದಿದ್ದಳು. ಹಿತ್ತಲಿನ ಹಗ್ಗ ಕಿತ್ತುಹೋಗಿತ್ತು. ಬಾಗಿಲಿನ ಮೇಲಿನ ಮೊಳೆಗಳಿಗೆ ತನ್ನ ಥಮೈನ್ ಹಾಕಿದ್ದಳು. ಮುಂದಿನ ಸಿಪಾಯಿ ಮೆಟ್ಟಿಲ ಮೇಲೆ ಕಾಲಿಟ್ಟವನು ಅಲ್ಲೇ ನಿಂತ. ಹಿಂದಿನವನು ಅವನಿಗೆ ಡಿಕ್ಕಿ ಹೊಡೆದ. ಇಬ್ಬರೂ ಉ ಚಿ ಲಿನ್‌ನ ಮುಖ ನೋಡಿದರು.

"ಇದೇನಕ್ಕಾ ಇದು," ಅಂದ ಅವನು.

"ಒಗೆದದ್ದು. ಒಣಗಲಿ ಅಂತ."

ಅವನು ಕೋಲು ಹುಡುಕಿ ತಂದು ಅದನ್ನು ಕೆಳಗಿಳಿಸಿದ. ಅಷ್ಟರಲ್ಲಿ ಅವಳು ಒಳಗಿನಿಂದ ತಾನು ಒಯ್ಯಬೇಕಾದದ್ದನ್ನು ತಂದಿದ್ದಳು. ಒಂದು ಗಂಟು ಬಟ್ಟೆ, ಬುದ್ಧನ ಪಟ, ಬಿದಿರಿನ ಬುಟ್ಟಿಯಲ್ಲಿ ಲಾಳಿಗಳು. ಮಗ್ಗದಲ್ಲಿದ್ದ ಅರ್ಧ ಥಮೈನನ್ನು ಕತ್ತರಿಸಲಿಲ್ಲ. ಹೊದಿಸಿದ ಬಟ್ಟೆಯನ್ನು ಇನ್ನೊಮ್ಮೆ ಸರಿಮಾಡಿ ಬಂದಿದ್ದಳು. ಬಾಗಿಲಿಗೆ ಬೀಗ ಬಿತ್ತು. ಬೀಗದ ಮೇಲೆ ಕೆಂಪು ಅಕ್ಷರದ ಕಾಗದ ಅಂಟಿಸಿದರು. ಒದ್ದೆ ಥಮೈನ್ ಮೆಟ್ಟಿಲ ಮೇಲೆ ಬಿದ್ದಿತ್ತು. ಅದನ್ನು ಹಿಂಡಿ ಬುಟ್ಟಿಯ ಮೇಲೆ ಹಾಕಿಕೊಂಡು ನಡೆದಳು.

ತೌಂಗ್ತಮಾನ್ ಕೆರೆಯ ಆಚೆ ಬೀದಿಯಲ್ಲಿ ಅವಳ ತಂಗಿಯ ಮನೆ. ತಂಗಿಗೆ ಕಣ್ಣು ಕಾಣುವುದಿಲ್ಲ. ಮಗ್ಗ ಈಗ ತಂಗಿಯ ಸೊಸೆ ಮಿ ಲೆಯದು. ಎಡಗಡೆ ಕೂರುತ್ತಿದ್ದ ಹುಡುಗಿ ಗಡಿ ದಾಟಿ ಕೂಲಿಗೆ ಹೋಗಿದ್ದಳು. ಮಗ್ಗ ಸುಮ್ಮನೆ ನಿಂತಿತ್ತು.

ಮಿ ಲೆ ಎದ್ದು ನಿಂತಳು. "ದೊಡ್ಡಮ್ಮ, ನೀವು ಬಲಗಡೆ ಬನ್ನಿ. ನೀವು ಹಿರಿಯರು."

"ನಿನ್ನ ಮಗ್ಗ. ನೀನೇ ಕೂತ್ಕೋ," ಅಂದಳು ಡೋ ಚೋ. ಎಡಗಡೆ ಹೋಗಿ ಕೂತಳು.

ಕೈಗೆ ಎಲ್ಲ ತಿರುಗುಮುರುಗು. ಮೂವತ್ತು ವರ್ಷ ಕೊಟ್ಟು ಅಭ್ಯಾಸ, ಈಗ ತೆಗೆದುಕೊಳ್ಳಬೇಕು. ಮೊದಲ ವಾರ ಕೊಂಡಿಗಳು ತಪ್ಪಿದವು. ಮಿ ಲೆ ಏನೂ ಅನ್ನದೆ ಬಿಚ್ಚಿ ಸರಿಮಾಡುತ್ತಿದ್ದಳು. ಸೊಂಟದ ಬಲಗಡೆ ಹೊಸ ನೋವು ಶುರುವಾಯಿತು. ಹುಡುಗಿಯಾಗಿದ್ದಾಗ ಅಲ್ಲಿ ನೋಯುತ್ತಿತ್ತೋ ಇಲ್ಲವೋ ಅವಳಿಗೆ ನೆನಪಿರಲಿಲ್ಲ.

ತಿಂಗಳು ಕಳೆದ ಮೇಲೆ ಯದನಾಳ ಫೋನ್ ಬಂತು. ದನಿ ಒರಟಾಗಿತ್ತು. ಸಿಟ್ಟೋ ನೆಗಡಿಯೋ ತಿಳಿಯಲಿಲ್ಲ.

"ಮನೆ ಹೋಯ್ತಂತಲ್ಲಮ್ಮ."

"ಬೀಗ ಹಾಕಿದ್ದಾರೆ. ಹೋಗಿಲ್ಲ."

"ನಾನು ಹೇಳಿದ್ದೆ."

"ಹೇಳ್ದೆ."

"ಪೇಪರ್ ನೋಡಿದೆ. ಇಲ್ಲಿ ಎಲ್ಲರೂ ನೋಡಿದರು. ಯಾರೂ ನಗಲಿಲ್ಲ ಈ ಸಲ." ಅವಳು ಮೂಗು ಒರೆಸಿಕೊಂಡ ಸದ್ದು ಬಂತು. "ಆ ಉಣ್ಣೆ ಟೋಪಿ ಇನ್ನೂ ಇದೆ. ತೊಳೆದಿಲ್ಲ ನಾನು. ಈಗ ಎಲ್ಲಿದ್ದೀಯ?"

"ನಿಮ್ಮ ಚಿಕ್ಕಮ್ಮನ ಮನೇಲಿ. ಮಗ್ಗದಲ್ಲಿ ಕೂತಿದ್ದೀನಿ."

"ಯಾವ ಕಡೆ?"

"ಎಡಗಡೆ."

"ಅಯ್ಯೋ, ಅಲ್ಲಿ ಸೊಂಟ ಹಿಡ್ಕೊಳ್ಳುತ್ತೆ ಅಮ್ಮ, ಬಲಗಡೆ ಮೂಳೆ. ಬಲಗಾಲು ಮಡಚಿ ಅದರ ಮೇಲೆ ಕೂತ್ಕೋ. ನಾನು ಹಾಗೇ ಕೂರ್ತಿದ್ದೆ. ನೀನು ನೋಡಿದಾಗ ಬಿಚ್ಚಿಬಿಡ್ತಿದ್ದೆ, ಬೈತೀಯ ಅಂತ."

"ಬೈತಿದ್ದೆ."

"ಈಗ ಕೂತ್ಕೋ."

ಲೈನ್ ಕಡಿಯಿತು. ಡೋ ಚೋ ಫೋನನ್ನು ಮಿ ಲೆಯ ಕೈಗೆ ಕೊಟ್ಟಳು. ಬಲಗಾಲು ಮಡಚಿ ಅದರ ಮೇಲೆ ಕೂತಳು. ನೋವು ಹೋಗಲಿಲ್ಲ, ಸ್ವಲ್ಪ ಕಮ್ಮಿಯಾಯಿತು. ಕೈ ಚಾಚಿ ಹಿಡಿದಳು.

"ಕೊಡು," ಅಂದಳು. ಮಿ ಲೆ ಲಾಳಿ ಕೊಟ್ಟಳು.